ಸಿನಾಪ್ಸ್ ಕಾಯುವುದಿಲ್ಲ: ಇಬ್ಬರು ಸಚಿವರಿಗೆ ಒಬ್ಬ ವಿಜ್ಞಾನ ಶಿಕ್ಷಕಿಯ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಮಾನ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ನಾನು ಬೆಂಗಳೂರಿನ ಉತ್ತರ ಭಾಗದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಕಲಿಸುವ ಶಿಕ್ಷಕಿ. ಹತ್ತನೆಯ ತರಗತಿಯಲ್ಲಿ ನರವ್ಯೂಹದ ಪಾಠ ಬಂದಾಗಲೆಲ್ಲ ಕಪ್ಪುಹಲಗೆಯ ಮೇಲೆ ಎರಡು ನರಕೋಶಗಳನ್ನು ಬರೆದು, ಒಂದರ ತುದಿಗೂ ಇನ್ನೊಂದರ ಮೊದಲಿಗೂ ನಡುವೆ ಬೆರಳಗಲ ಜಾಗ ಬಿಟ್ಟು, ‘ಇದು ಸಿನಾಪ್ಸ್, ವಿದ್ಯುತ್ ಸಂಕೇತ ಇಲ್ಲಿ ರಾಸಾಯನಿಕವಾಗಿ ಬದಲಾಗಿ ಆಚೆಗೆ ದಾಟುತ್ತದೆ’ ಎಂದು ಹೇಳಿ ಮುಂದಿನ ಚಿತ್ರಕ್ಕೆ ಹೋಗುತ್ತಿದ್ದೆ. 14 ವರ್ಷ ಹಾಗೆಯೇ ಹೇಳಿದ್ದೇನೆ. ನನ್ನ ಸ್ವಂತ ಮಗಳ ಬದುಕು ಆ ಬೆರಳಗಲದ ಜಾಗದಲ್ಲಿ ಸಿಕ್ಕಿಕೊಂಡಿದೆ ಎಂಬುದು ಅವಳಿಗೆ ಏಳು ತುಂಬುವವರೆಗೂ ನನಗೆ ಗೊತ್ತಿರಲಿಲ್ಲ.

ಮಗಳಿಗೆ ಈಗ ಒಂಬತ್ತು ವರ್ಷ. ಅವಳು ಕೂತದ್ದು ತಡ, ನಡೆದದ್ದು ತಡ, ಇಂದಿಗೂ ಅವಳ ಬಾಯಲ್ಲಿ ಹನ್ನೆರಡು ಹದಿಮೂರು ಮಾತುಗಳಷ್ಟೇ ಇವೆ. ಎರಡು ವರ್ಷದವಳಿದ್ದಾಗ ತೋರಿಸಿದ ಮೊದಲ ಆಸ್ಪತ್ರೆಯಲ್ಲಿ ‘ಕೆಲವು ಮಕ್ಕಳಿಗೆ ಮಾತು ತಡವಾಗಿ ಬರುತ್ತದೆ, ಕಾಯಿರಿ’ ಎಂದರು. ಇನ್ನೊಂದು ಕಡೆ ಆಟಿಸಂ ಎಂದು ಬರೆದುಕೊಟ್ಟರು. ಮೂರನೆಯ ಕಡೆ ನಾನೂ ನಮ್ಮ ಯಜಮಾನರೂ ಸೋದರಸಂಬಂಧದಲ್ಲಿ ಮದುವೆಯಾದವರೇ ಎಂದು ಕೇಳಿ, ಹೌದು ಎಂದೊಡನೆ, ಅದಕ್ಕಿಂತ ಬೇರೆ ಕಾರಣ ಹುಡುಕುವ ಅಗತ್ಯವೇ ಇಲ್ಲವೆಂಬಂತೆ ಮಾತು ಮುಗಿಸಿದರು. ಮನೆಯಲ್ಲಿ ಹಿರಿಯರು ನಾನು ಬಸುರಿಯಾಗಿದ್ದಾಗ ಹಿಡಿದಿದ್ದ ಗ್ರಹಣವನ್ನು ನೆನೆಸಿಕೊಂಡರು. ವಿಜ್ಞಾನ ಕಲಿಸುವ ನಾನೂ ರಾತ್ರಿ ಎಚ್ಚರವಾದಾಗಲೆಲ್ಲ ಏನು ತಿಂದೆ, ಎಲ್ಲಿ ಓಡಾಡಿದೆ, ಯಾವ ಮಾತ್ರೆ ನುಂಗಿದೆ ಎಂದು ಆ ಒಂಬತ್ತು ತಿಂಗಳನ್ನು ಮತ್ತೆ ಮತ್ತೆ ಲೆಕ್ಕ ಹಾಕಿದ್ದೇನೆ.

ಊಟದ ಹೊತ್ತಿನಲ್ಲಿ ಅವಳಿಗೆ ಒಂದು ವಿಚಿತ್ರವಾಗುತ್ತಿತ್ತು. ಮೊಸರನ್ನದ ಎರಡನೆಯದೋ ಮೂರನೆಯದೋ ತುತ್ತು ಅಗಿಯುತ್ತಿರುವಾಗ ರೆಪ್ಪೆಗಳು ಪಟಪಟನೆ ಬಡಿದು, ಕಣ್ಣುಗುಡ್ಡೆ ಮೇಲಕ್ಕೆ ಸರಿದು, ದವಡೆ ಹಾಗೇ ನಿಂತು, ತಲೆ ಒಮ್ಮೆ ಮುಂದಕ್ಕೆ ತೂಗುತ್ತಿತ್ತು. ಎರಡು ಮೂರು ಸೆಕೆಂಡು. ಆಮೇಲೆ ಏನೂ ಆಗದವಳಂತೆ ಮತ್ತೆ ಅಗಿಯುತ್ತಿದ್ದಳು. ನಾವು ಅದನ್ನು ನಿದ್ದೆ ಎಂದುಕೊಂಡೆವು. ಊಟ ಬೇಡವೆಂಬ ಹಟ ಎಂದುಕೊಂಡು ನಾನು ಗದರಿದ್ದೂ ಇದೆ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಕಿವುಚಿದಂತಾಗುತ್ತದೆ. ಕೊನೆಗೆ ಒಬ್ಬ ಮಕ್ಕಳ ನರರೋಗ ತಜ್ಞರು ನನ್ನ ಮೊಬೈಲಿನಲ್ಲಿದ್ದ ಊಟದ ವಿಡಿಯೊವನ್ನು ನಾಲ್ಕು ಸಲ ತಿರುಗಿಸಿ ನೋಡಿ, ಇದು ಒಂದು ಬಗೆಯ ಮೂರ್ಛೆ ಎಂದು ಹೇಳಿ, ಮಿದುಳಿನ ವಿದ್ಯುತ್ ಚಟುವಟಿಕೆ ಅಳೆಯುವ ಇಇಜಿ ಪರೀಕ್ಷೆ ಮಾಡಿಸಿ, ಜೀನ್ ಪರೀಕ್ಷೆಗೆ ರಕ್ತ ಕಳುಹಿಸಿದರು. ಅಗಿಯುವಾಗಲೇ ಬರುವ ಇಂಥ ಮೂರ್ಛೆ ಕೆಲವೇ ಕಾಯಿಲೆಗಳಲ್ಲಿ ಕಾಣುವಂಥದು ಎಂದು ಆಗ ತಿಳಿಯಿತು.

ವರದಿಯಲ್ಲಿದ್ದದ್ದು ಒಂದೇ ಸಾಲು. ಆರನೆಯ ವರ್ಣತಂತುವಿನ ಮೇಲಿರುವ ಸಿನ್‌ಗ್ಯಾಪ್-1 ಎಂಬ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದೆ. ಆ ಬದಲಾವಣೆ ತಂದೆಯ ರಕ್ತದಲ್ಲಿಯೂ ಇಲ್ಲ, ತಾಯಿಯ ರಕ್ತದಲ್ಲಿಯೂ ಇಲ್ಲ. ಮಗುವಿನಲ್ಲಿ ಹೊಸದಾಗಿ ಆದದ್ದು. ಸೋದರಸಂಬಂಧವೂ ಕಾರಣವಲ್ಲ, ಗ್ರಹಣವೂ ಅಲ್ಲ, ನಾನೂ ಅಲ್ಲ. ಐದು ವರ್ಷ ಮೊದಲೇ ಆ ಕಾಗದ ನನ್ನ ಕೈಗೆ ಬರಬಹುದಿತ್ತು.

ಈ ಐದು ವರ್ಷ ಏಕೆ ಮುಖ್ಯ ಎಂಬುದನ್ನು ತಮಗೆ ತಿಳಿಸಬೇಕೆಂದೇ ಈ ಪತ್ರ ಬರೆಯುತ್ತಿದ್ದೇನೆ. ಸಿನಾಪ್ಸ್ ಹೇಗೆ ಬೆಳೆಯುತ್ತದೆ, ಹೇಗೆ ಕೆಲಸ ಮಾಡುತ್ತದೆ ಎಂದು ಪ್ರಯೋಗಾಲಯಗಳಲ್ಲಿ ನಡೆದಿರುವ ಸಂಶೋಧನೆಯನ್ನು ಎರಡು ವರ್ಷದಿಂದ ನನ್ನ ಶಕ್ತಿ ಇದ್ದಷ್ಟು ಓದಿದ್ದೇನೆ. ಅದರ ಸಾರ ಪೂರ್ತಿ ಸಮಯದ ವಿಷಯವೇ. ಯಾವುದು ಯಾವಾಗ ಆಗಬೇಕು, ಮೊದಲೇ ಆದರೆ ಏನು, ತಡವಾದರೆ ಏನು ಎಂಬುದೇ ಅದರ ತಿರುಳು.

ನರಕೋಶಗಳು ಒಂದಕ್ಕೊಂದು ಅಂಟಿಕೊಂಡ ಬಲೆಯಲ್ಲ, ಬಿಡಿಬಿಡಿಯಾದ ಜೀವಕೋಶಗಳು ಎಂದು ಸ್ಪೇನಿನ ಸ್ಯಾಂಟಿಯಾಗೊ ರಾಮೊನ್ ಇ ಕಹಾಲ್ 1888ರಲ್ಲಿ ಸೂಕ್ಷ್ಮದರ್ಶಕದಲ್ಲಿ ಕಂಡರು. ಅವು ಸಂಧಿಸುವ ತಾಣಕ್ಕೆ ಸಿನಾಪ್ಸ್ ಎಂಬ ಹೆಸರು 1897ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ ಅವರ ಬರಹದಲ್ಲಿ ಬಂತು. ನಾನು ಬೆರಳಗಲ ಬರೆಯುವ ಆ ಅಂತರ ನಿಜದಲ್ಲಿ ಸುಮಾರು 20 ನ್ಯಾನೊಮೀಟರ್. ಒಂದು ತಲೆಗೂದಲಿನ ದಪ್ಪದಲ್ಲಿ ಅಂಥ ಸಾವಿರಾರು ಅಂತರಗಳನ್ನು ಜೋಡಿಸಿಡಬಹುದು. ಸಂಕೇತ ಬಂದಾಗ ಕ್ಯಾಲ್ಸಿಯಂ ಒಳನುಗ್ಗಿ, ಪುಟ್ಟ ಪೊಟ್ಟಣಗಳಲ್ಲಿ ತುಂಬಿಟ್ಟ ರಾಸಾಯನಿಕ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತಿನಲ್ಲಿ ಹೊರಬಿದ್ದು ಆಚೆ ದಡ ಸೇರುತ್ತದೆ. ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಅನೇಕವು ಒಂದೊಂದೂ ಸಾವಿರಾರು ಸಿನಾಪ್ಸ್‌ಗಳನ್ನು ಹೊತ್ತಿರುತ್ತವೆ.

ಈ ಸಿನಾಪ್ಸ್‌ಗಳು ಹುಟ್ಟುವಾಗಲೇ ಸಿದ್ಧವಾಗಿ ಬಂದವಲ್ಲ. ಪೀಟರ್ ಹಟ್ಟನ್‌ಲೋಕರ್ ಎಂಬ ಮಕ್ಕಳ ನರರೋಗ ತಜ್ಞರು ಬೇರೆ ಬೇರೆ ವಯಸ್ಸಿನಲ್ಲಿ ತೀರಿಕೊಂಡವರ ಮಿದುಳಿನ ಮುಂಭಾಗದ ಚೂರುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು, ಸಿನಾಪ್ಸ್‌ಗಳನ್ನು ಎಣಿಸಿ, ಫಲಿತಾಂಶವನ್ನು 1979ರಲ್ಲಿ ಪ್ರಕಟಿಸಿದರು. ಒಂದರಿಂದ ಎರಡು ವರ್ಷದ ಮಗುವಿನಲ್ಲಿ ಅವುಗಳ ದಟ್ಟಣೆ ದೊಡ್ಡವರಿಗಿಂತ ಸುಮಾರು ಅರ್ಧದಷ್ಟು ಹೆಚ್ಚಿತ್ತು. ಆಮೇಲೆ ಹದಿಹರೆಯದವರೆಗೂ ಬಳಕೆಗೆ ಬಾರದವು ಉದುರುತ್ತಾ ಬಂದು, ಬಳಕೆಯಾದವು ಗಟ್ಟಿಯಾಗುತ್ತವೆ. ರಾಗಿ ಹೊಲದಲ್ಲಿ ಒತ್ತಾಗಿ ಬಿತ್ತಿ, ಪೈರು ಎದ್ದ ಮೇಲೆ ಕುಂಟೆ ಹೊಡೆದು ತೆಳುಮಾಡುವುದನ್ನು ಕಂಡವರಿಗೆ ಇದು ಹೊಸದಲ್ಲ. ಆದರೆ ಆ ಕೆಲಸಕ್ಕೆ ಒಂದು ಹದವಿದೆ, ಹದ ತಪ್ಪಿದರೆ ಹೊಲ ಮತ್ತೆ ಕೈಗೆ ಬರುವುದಿಲ್ಲ ಎಂಬುದನ್ನೂ ಅವರು ಬಲ್ಲರು. ನನ್ನ ಮಗಳನ್ನು ‘ಕಾಯಿರಿ’ ಎಂದು ಮನೆಗೆ ಕಳುಹಿಸಿದ್ದು ಸರಿಯಾಗಿ ಎರಡನೆಯ ವರ್ಷದಲ್ಲಿ.

ಈಗ ಸಿನ್‌ಗ್ಯಾಪ್ ವಿಷಯ. ನನ್ನ ತವರು ಕೋಲಾರದ ಕಡೆ. ಅಲ್ಲಿ ಕೆರೆಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬನ್ನು ಎಂದು ಎತ್ತಬೇಕು, ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ಕೈಯಲ್ಲಿತ್ತು. ಸಿನಾಪ್ಸ್‌ನ ಆಚೆ ದಡದಲ್ಲಿ ಆ ಕೆಲಸ ಮಾಡುವ ಪ್ರೋಟೀನ್ ಸಿನ್‌ಗ್ಯಾಪ್. ಅದು ರಾಸ್ ಎಂಬ ಇನ್ನೊಂದು ಪ್ರೋಟೀನನ್ನು ತಡೆದು ಹಿಡಿದಿರುತ್ತದೆ. ಸಂಕೇತ ಜೋರಾಗಿ ಬಂದು, ನಿಜವಾಗಿ ಕಲಿಯಬೇಕಾದ್ದೇನೋ ಇದೆ ಎಂದಾದಾಗ ಕ್ಯಾಲ್ಸಿಯಂ ಒಳಬಂದು, ಅದರಿಂದ ಚುರುಕಾದ ಒಂದು ಕಿಣ್ವ ಸಿನ್‌ಗ್ಯಾಪ್ ಅನ್ನು ಆ ಜಾಗದಿಂದ ಸರಿಸುತ್ತದೆ. ಆಗ ರಾಸ್ ಎಚ್ಚೆತ್ತು, ಸಂಕೇತ ಹಿಡಿಯುವ ಗ್ರಾಹಕಗಳು ಹೆಚ್ಚಿ, ಸಿನಾಪ್ಸ್ ಕೂತಿರುವ ಮೊಗ್ಗಿನಂಥ ಉಬ್ಬು, ಅಂದರೆ ಸ್ಪೈನ್, ದಪ್ಪವಾಗುತ್ತದೆ. ಒಂದು ಹೊಸ ಮಾತು ಕಲಿಯುವುದೆಂದರೆ ಇಂಥ ಸಾವಿರಾರು ತೂಬುಗಳು ಸರಿಯಾದ ಹೊತ್ತಿಗೆ ಏಳುವುದು. ಜೀನಿನ ಒಂದು ಪ್ರತಿ ಕೆಟ್ಟರೆ ಪ್ರೋಟೀನ್ ಅರ್ಧಕ್ಕಿಳಿಯುತ್ತದೆ. ಊರಿನ ಅರ್ಧ ಕೆರೆಗಳಿಗೆ ನೀರುಗಂಟಿಯೇ ಇಲ್ಲದ ಸ್ಥಿತಿ ಅದು.

ಈ ಪ್ರೋಟೀನನ್ನು 1998ರಲ್ಲಿ ಅಮೆರಿಕದ ಎರಡು ತಂಡಗಳು, ಬಾಲ್ಟಿಮೋರಿನ ರಿಚರ್ಡ್ ಹ್ಯೂಗನಿರ್ ಅವರದು ಮತ್ತು ಕ್ಯಾಲಿಫೋರ್ನಿಯಾದ ಮೇರಿ ಕೆನಡಿ ಅವರದು, ಬೇರೆಬೇರೆಯಾಗಿ ಗುರುತಿಸಿದವು. ಆಗ ಯಾರಿಗೂ ಅದರಿಂದ ಒಂದು ಕಾಯಿಲೆ ಇದೆಯೆಂದು ಗೊತ್ತಿರಲಿಲ್ಲ. ಸಿನಾಪ್ಸ್‌ನಲ್ಲಿ ಏನೇನಿದೆ ಎಂದು ತಿಳಿಯುವುದಷ್ಟೇ ಉದ್ದೇಶ. ಹನ್ನೊಂದು ವರ್ಷದ ನಂತರ, 2009ರಲ್ಲಿ, ಮಾಂಟ್ರಿಯಲ್ ನಗರದ ಜಾಕ್ ಮಿಶೊ ಮತ್ತು ಸಂಗಡಿಗರು ಕಾರಣ ತಿಳಿಯದ ಬೌದ್ಧಿಕ ವಿಕಲತೆ ಇದ್ದ 94 ಮಂದಿಯಲ್ಲಿ ಈ ಜೀನನ್ನು ಓದಿ, ಮೂವರಲ್ಲಿ ಹೊಸದಾಗಿ ಆದ ಕೇಡನ್ನು ಕಂಡರು. ನನ್ನ ಮಗಳ ಕಾಯಿಲೆಗೆ ಹೆಸರು ಸಿಕ್ಕಿದ್ದು ಅಂದು. ‘ಇದರಿಂದ ಜನರಿಗೇನು ಉಪಯೋಗ’ ಎಂದು 1998ರಲ್ಲಿ ಯಾರಾದರೂ ಆ ಸಂಶೋಧನೆಗೆ ಹಣ ನಿಲ್ಲಿಸಿದ್ದರೆ ನಮ್ಮ ಮನೆಯ ವರದಿಯಲ್ಲಿ ಇವತ್ತಿಗೂ ಸೋದರಸಂಬಂಧವೆಂದೇ ಬರೆದಿರುತ್ತಿತ್ತು.

2012ರಲ್ಲಿ ಫ್ಲಾರಿಡಾದ ಗ್ಯಾವಿನ್ ರಂಬಾ ಅವರ ಪ್ರಯೋಗಾಲಯದಿಂದ ಬಂದ ಪ್ರಬಂಧ ಸಮಯದ ಲೆಕ್ಕವನ್ನು ಮುಂದಿಟ್ಟಿತು. ಒಂದೇ ಒಳ್ಳೆಯ ಪ್ರತಿ ಇರುವ ಇಲಿಮರಿಗಳ ಮಿದುಳಿನಲ್ಲಿ ನೆನಪಿನ ಕೆಲಸ ನೋಡಿಕೊಳ್ಳುವ ಹಿಪೊಕ್ಯಾಂಪಸ್‌ನಲ್ಲಿ ಸ್ಪೈನ್‌ಗಳು ಹುಟ್ಟಿದ ಎರಡನೆಯ ವಾರದ ಕೊನೆಗೇ, ಅಂದರೆ ಬಲಿಯಬೇಕಾದ ಹೊತ್ತಿಗಿಂತ ಮೊದಲೇ, ಬಲಿತುಬಿಡುತ್ತಿದ್ದವು. ಬೆಳೆಯುತ್ತಿರುವ ಮಿದುಳು ಅತಿಯಾಗಿ ಕೆರಳುತ್ತಿತ್ತು. ಜಾಣತನ ಬೇಗ ಬಲಿತರೆ ಒಳ್ಳೆಯದಲ್ಲವೇ ಎಂದು ತಮಗೆ ಅನಿಸಬಹುದು, ನನಗೂ ಅನಿಸಿತ್ತು. ಆದರೆ ಬಲಿತ ಸಿನಾಪ್ಸ್ ಬಾಗುವುದಿಲ್ಲ. ಕಲಿಯಲು ಬೇಕಾದ ಎಳೆತನವೇ ಹೋಗಿರುತ್ತದೆ. ಆ ಅವಧಿ ಕಳೆದ ಮೇಲೆ ಜೀನನ್ನು ಕೆಡಿಸಿದರೆ ಸಿನಾಪ್ಸ್‌ಗಳಿಗೆ ಹೆಚ್ಚು ಪೆಟ್ಟಾಗಲಿಲ್ಲ, ಅಂತೆಯೇ ದೊಡ್ಡದಾದ ಮೇಲೆ ಸರಿಪಡಿಸಿದರೆ ಕಲಿಕೆ ಸುಧಾರಿಸಲೂ ಇಲ್ಲ. ಇದನ್ನು ಮೊದಲ ಸಲ ಓದಿದ ರಾತ್ರಿ ನಾನು ಮುಂದಿನ ಪುಟ ತಿರುಗಿಸಲಿಲ್ಲ.

ತಿರುಗಿಸಬೇಕಿತ್ತು. 2019ರಲ್ಲಿ ಅದೇ ತಂಡ, ವಯಸ್ಕ ಇಲಿಗಳಲ್ಲಿ ಪ್ರೋಟೀನನ್ನು ಮತ್ತೆ ಹೆಚ್ಚಿಸಿದಾಗ ನೆನಪಿನ ಕೆಲವು ಅಳತೆಗಳೂ ಮೂರ್ಛೆಗೆ ಸಂಬಂಧಿಸಿದ ಮಿದುಳಿನ ಚಟುವಟಿಕೆಯೂ ಸುಧಾರಿಸುವುದನ್ನು ತೋರಿಸಿತು. 2012ರ ಪ್ರಬಂಧದ ಮೊದಲ ಲೇಖಕರಾದ ಜೇಮ್ಸ್ ಕ್ಲೆಮೆಂಟ್ ಚೆಲ್ಲಯ್ಯ ಅವರು ಇಂದು ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿದ್ದಾರೆ. ಅವರ ತಂಡ 2022ರಲ್ಲಿ ಪ್ರಕಟಿಸಿದಂತೆ, 6-ಬಯೋ ಎಂಬ ಸಣ್ಣ ಅಣುವನ್ನು ಎಳೆ ಹರೆಯದ ಇಲಿಗಳಿಗೆ ಕೊಟ್ಟಾಗ ಸಿನಾಪ್ಸ್‌ಗಳ ಕೆಲಸವೂ ನಡವಳಿಕೆಯೂ ಚೇತರಿಸಿಕೊಂಡವು. ಇಲಿಯಿಂದ ಮಗುವಿಗೆ ದಾರಿ ಬಹಳ ಉದ್ದ ಎಂಬುದು ನನಗೆ ಚೆನ್ನಾಗಿ ಗೊತ್ತು. ಆ ಅಣು ಇಂದು ಔಷಧವಲ್ಲ, ಯಾವ ತಂದೆತಾಯಿಯೂ ಅದನ್ನು ಹುಡುಕಿಕೊಂಡು ಹೋಗಬಾರದು. ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ ಎಂಬ ಮಾತು ನಮ್ಮ ಮನೆಗೆ ನಾಲ್ಕು ಮೈಲಿ ದೂರದಿಂದ ಬಂತು.

ನಮ್ಮ ನಗರಕ್ಕೆ ಈ ಕೆಲಸ ಹೊಸದಲ್ಲ. ಬಹುದಿನದ ಒತ್ತಡ ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳನ್ನು ಕುಗ್ಗಿಸುತ್ತದೆ, ಭಯಕ್ಕೆ ಸಂಬಂಧಿಸಿದ ಅಮಿಗ್ಡಲದಲ್ಲಿ ಮಾತ್ರ ಅದೇ ಒತ್ತಡ ಕವಲುಗಳನ್ನು ಬೆಳೆಸುತ್ತದೆ ಎಂಬುದನ್ನು 2002ರಲ್ಲಿ ತೋರಿಸಿದವರು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ನಿಮ್ಹಾನ್ಸ್‌ನ ಸಹೋದ್ಯೋಗಿಗಳು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನಕ್ಕೇ ಒಂದು ಕೇಂದ್ರವಿದೆ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ. ಇಷ್ಟು ಹತ್ತಿರ ಇಷ್ಟೆಲ್ಲ ಇದ್ದೂ ನನ್ನ ಮಗಳು ಐದು ವರ್ಷ ಅಲೆದಳು.

ಕಳೆದ ವರ್ಷ ಸಾರ್ವಜನಿಕರಿಗೆ ಬಾಗಿಲು ತೆರೆದಿದ್ದ ಒಂದು ದಿನ ಇಂಥದೊಂದು ಪ್ರಯೋಗಾಲಯವನ್ನು ನೋಡಿ ಬಂದೆ. ಅದರ ಹೆಸರು ಇಲ್ಲಿ ಬೇಡ. ಕತ್ತಲೆ ಕೋಣೆಯಲ್ಲಿ, ಅಲುಗಾಟ ತಡೆಯುವ ಭಾರಿ ಮೇಜಿನ ಮೇಲೆ, ಸೂಕ್ಷ್ಮದರ್ಶಕದ ಕೆಳಗೆ ಇಲಿಯ ಮಿದುಳಿನ ಒಂದು ಬಿಲ್ಲೆ ಇತ್ತು. ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ದಪ್ಪ. ಬೆಳಕು ಹಾಯುವಷ್ಟು ತೆಳು. ಅದರ ಮೇಲೆ ಉಪ್ಪುನೀರಿನಂಥ ದ್ರವ ಹರಿಯುತ್ತಿತ್ತು, ಆ ದ್ರವಕ್ಕೆ ಆಮ್ಲಜನಕದ ಗುಳ್ಳೆಗಳು ಏಳುತ್ತಿದ್ದವು. ದೇಹದಿಂದ ಹೊರಬಂದ ಆ ಚೂರು ಇನ್ನೂ ಕೆಲವು ಗಂಟೆ ಜೀವಂತವಾಗಿರುತ್ತದೆ ಎಂದು ಅಲ್ಲಿ ಕೂತಿದ್ದ ಸಂಶೋಧನಾ ವಿದ್ಯಾರ್ಥಿನಿ ಹೇಳಿದಳು. ಕೂದಲಿಗಿಂತ ಸಣ್ಣ ಮೊನೆಯ ಗಾಜಿನ ನಳಿಕೆಯನ್ನು ಉಸಿರು ಬಿಗಿಹಿಡಿದು ಇಳಿಸಿ, ಒಂದು ಸಣ್ಣ ವಿದ್ಯುತ್ ಸ್ಪರ್ಶ ಕೊಟ್ಟಳು. ಪರದೆಯ ಮೇಲೆ ಗೆರೆಯೊಂದು ಕೆಳಗೆ ಬಾಗಿ ಮತ್ತೆ ಮೇಲೆದ್ದಿತು. ‘ಇದೇ ಮೇಡಂ, ಸಿನಾಪ್ಸ್ ಮಾತಾಡಿದ್ದು’ ಎಂದಳು. ಹದಿನಾಲ್ಕು ವರ್ಷ ಸೀಮೆಸುಣ್ಣದಲ್ಲಿ ಬರೆದದ್ದನ್ನು ಅಂದು ಮೊದಲ ಸಲ ಕಂಡೆ.

ಆ ಹುಡುಗಿ ಇನ್ನೊಂದು ಮಾತನ್ನೂ ಹೇಳಿದಳು, ದೂರಿನ ದನಿಯಲ್ಲಲ್ಲ. ಅವಳ ಶಿಷ್ಯವೇತನ ಆಗ ಐದು ತಿಂಗಳಿಂದ ಬಂದಿರಲಿಲ್ಲ. ಅದನ್ನು ಹೇಗೋ ನಿಭಾಯಿಸಿದ್ದಾಳೆ. ನಿಭಾಯಿಸಲಾಗದ್ದು ಬೇರೆ: ಒಂದು ರಾಸಾಯನಿಕ ಖರೀದಿಯ ಕಡತ ಮೂರು ವಾರ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ, ಹದಿನಾಲ್ಕನೆಯ ದಿನಕ್ಕೆ ನೋಡಬೇಕಿದ್ದ ಮರಿಗಳಿಗೆ ಮೂವತ್ತೈದು ದಿನವಾಗಿತ್ತು. ಆ ಮರಿಗಳಿಂದ ಆ ಪ್ರಶ್ನೆಗೆ ಇನ್ನು ಉತ್ತರ ಸಿಗುವುದಿಲ್ಲ. ಮತ್ತೆ ಜೋಡಿ ಹಾಕಿ, ಮೂರು ವಾರ ಗರ್ಭ ಕಾದು, ಮರಿಗಳಲ್ಲಿ ಯಾವುವಕ್ಕೆ ಆ ಬದಲಾವಣೆ ಇದೆಯೆಂದು ಪರೀಕ್ಷಿಸಿ, ಮತ್ತೆ ಎರಡು ವಾರ ಕಾಯಬೇಕು. ಸಿನಾಪ್ಸ್ ಬೆಳವಣಿಗೆಯ ಸಂಶೋಧನೆಯಲ್ಲಿ ಕಡತದ ತಡ ಎಂದರೆ ಕೆಲಸ ಮುಂದಕ್ಕೆ ಹೋಗುವುದಲ್ಲ, ಆಗಿದ್ದ ಕೆಲಸ ಇಲ್ಲವಾಗುವುದು.

ಮಾನ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವರೇ, ಈ ಸಂಸ್ಥೆಗಳಲ್ಲಿ ಹೆಚ್ಚಿನವು ಕೇಂದ್ರ ಸರ್ಕಾರದ ಅಧೀನದವು ಎಂಬುದು ನನಗೆ ಗೊತ್ತು. ಆದರೂ ರಾಜ್ಯ ತನ್ನ ಕಡೆಯಿಂದ ಕೊಡುವ ಸಂಶೋಧನಾ ಅನುದಾನದಲ್ಲಿ ಮಿದುಳಿನ ಬೆಳವಣಿಗೆಯ ಅಧ್ಯಯನಕ್ಕೆ ಐದು ವರ್ಷದ ಭರವಸೆಯ ಒಂದು ಪಾಲನ್ನು ಎತ್ತಿಡಬಹುದು. ಕಂತು ತಡವಾದಾಗ ಸಂಸ್ಥೆ ತಾತ್ಕಾಲಿಕವಾಗಿ ಬಳಸಿಕೊಂಡು ಮರಳಿಸಬಹುದಾದ ಸಣ್ಣ ನಿಧಿಯೊಂದನ್ನು ಸ್ಥಾಪಿಸಬಹುದು. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಓದುವ ಬಡ ಮನೆಯ ಹುಡುಗಹುಡುಗಿಯರು ಇಂಥ ಪ್ರಯೋಗಾಲಯಗಳಿಗೆ ಬರಲು ತಿಂಗಳ ಮೊದಲ ವಾರದಲ್ಲೇ ಕೈಸೇರುವ ಶಿಷ್ಯವೇತನ ಕೊಡಬಹುದು. ಇದರಲ್ಲಿ ನಾನು ಒತ್ತಿ ಕೇಳುವುದು ಮೊತ್ತಕ್ಕಿಂತ ಹೆಚ್ಚಾಗಿ ದಿನಾಂಕವನ್ನು.

ಮಾನ್ಯ ಆರೋಗ್ಯ ಸಚಿವರೇ, ತಮ್ಮಲ್ಲಿ ನನ್ನ ಕೋರಿಕೆ ಇನ್ನೂ ಸರಳ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಬೆಳವಣಿಗೆಯ ವಿಳಂಬವನ್ನು ಗುರುತಿಸಲು ತಂಡಗಳು ಅಂಗನವಾಡಿಗಳಿಗೂ ಶಾಲೆಗಳಿಗೂ ಹೋಗುತ್ತವೆ. ಗುರುತಿಸಿದ ಮೇಲೆ ಏನು ಎಂಬುದೇ ಪ್ರಶ್ನೆ. ಎರಡು ವರ್ಷ ದಾಟಿದರೂ ಮಾತು ಬಾರದ, ಬೆಳವಣಿಗೆ ಹಿಂದುಳಿದ, ಜೊತೆಗೆ ಮೂರ್ಛೆಯ ಸಂಶಯವಿರುವ ಮಗುವಿನ ರಕ್ತವನ್ನು ಜಿಲ್ಲಾ ಆಸ್ಪತ್ರೆಯಲ್ಲೇ ತೆಗೆದು, ಸರ್ಕಾರದ ಖರ್ಚಿನಲ್ಲಿ ಬೆಂಗಳೂರಿಗೆ ಜೀನ್ ಪರೀಕ್ಷೆಗೆ ಕಳುಹಿಸಿ, ವರದಿಯನ್ನು ತಂದೆತಾಯಿಗೆ ಕನ್ನಡದಲ್ಲಿ ಕೂತು ವಿವರಿಸುವ ವ್ಯವಸ್ಥೆ ಬೇಕು. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಮಗುವನ್ನು ಸೊಂಟದ ಮೇಲೆ ಹೊತ್ತು ಬಸ್ಸಿನಲ್ಲಿ ಬರುವ ತಾಯಿ ನನ್ನಂತೆ ಐದು ವರ್ಷ ಅಲೆಯಲಾರಳು. ಎರಡನೆಯ ಸಲಕ್ಕೇ ಕೈಚೆಲ್ಲುತ್ತಾಳೆ. ಆ ಒಂದು ಪರೀಕ್ಷೆಗೆ ನಾವು ಕೊಟ್ಟ ಹಣ ನನ್ನ ಅರ್ಧ ತಿಂಗಳ ಸಂಬಳಕ್ಕಿಂತ ಹೆಚ್ಚು.

ಔಷಧವೇ ಇಲ್ಲದ ಕಾಯಿಲೆಗೆ ಹೆಸರು ಕಂಡುಹಿಡಿದು ಏನು ಪ್ರಯೋಜನ ಎಂದು ಒಬ್ಬ ಅಧಿಕಾರಿ ನನ್ನನ್ನು ಕೇಳಿದ್ದರು. ಹೆಸರು ಸಿಕ್ಕ ಮೇಲೆ ವೈದ್ಯರು ಮೂರ್ಛೆಯ ಮಾತ್ರೆಯನ್ನು ಬದಲಿಸಿದರು, ಊಟದ ಹೊತ್ತಿನ ಆ ತೂಗಾಟ ಹತ್ತರಿಂದ ಮೂರಕ್ಕಿಳಿಯಿತು. ಬಿದ್ದರೂ ಅಳದ ಮಗುವಿಗೆ ನೋವಿನ ಅರಿವೇ ಕಡಿಮೆ ಇರಬಹುದೆಂದು ತಿಳಿದು ಸ್ನಾನದ ನೀರನ್ನು ಮೊದಲು ನನ್ನ ಕೈಗೆ ಹಾಕಿಕೊಂಡು ನೋಡತೊಡಗಿದೆ. ಮಾತಿಗೆ ಬದಲು ಚಿತ್ರದ ಚೀಟಿ ಕೊಟ್ಟು ಕಲಿಸುವ ಚಿಕಿತ್ಸೆ ಶುರುವಾಯಿತು. ಈಗ ಅವಳು ನೀರಿನ ಲೋಟದ ಚೀಟಿ ತಂದು ನನ್ನ ಮಡಿಲಲ್ಲಿಡುತ್ತಾಳೆ. ನನ್ನ ಅತ್ತೆಯವರು ಗ್ರಹಣದ ಮಾತು ನಿಲ್ಲಿಸಿದರು. ಮುಂದೊಂದು ದಿನ ಯಾವುದಾದರೂ ಔಷಧದ ಪರೀಕ್ಷೆ ನಮ್ಮ ದೇಶಕ್ಕೆ ಬಂದರೆ ಅದಕ್ಕೆ ಬೇಕಾದ ಮಕ್ಕಳ ಪಟ್ಟಿ ಇರಬೇಕು. ಹೆಸರಿಲ್ಲದ ಮಕ್ಕಳನ್ನು ಪಟ್ಟಿಯಲ್ಲಿ ಸೇರಿಸುವುದು ಹೇಗೆ?

ಮುಂದಿನ ಆಯವ್ಯಯಕ್ಕೆ ಮುನ್ನ ನಡೆಯುವ ಸಮಾಲೋಚನೆಗಳಲ್ಲಿ ಒಂದಕ್ಕೆ ಇಂಥ ಮಕ್ಕಳ ಪೋಷಕರನ್ನೂ, ಸಿನಾಪ್ಸ್ ಮೇಲೆ ಕೆಲಸ ಮಾಡುವ ನಗರದ ವಿಜ್ಞಾನಿಗಳನ್ನೂ ಒಟ್ಟಿಗೆ ಕರೆಯಬೇಕೆಂದು ಇಬ್ಬರಲ್ಲಿಯೂ ವಿನಂತಿಸುತ್ತೇನೆ. ಮಗಳ ವರದಿ, ಇಇಜಿ, ಊಟದ ವಿಡಿಯೊ ಎಲ್ಲವನ್ನೂ ತರುತ್ತೇನೆ, ಯಾವ ದಿನ ಹೇಳಿದರೂ ಬರುತ್ತೇನೆ. ಮಧ್ಯಾಹ್ನ ಒಂದರಿಂದ ಎರಡು ಗಂಟೆಯನ್ನು ಮಾತ್ರ ಬಿಟ್ಟುಕೊಡಬೇಕು. ಶಾಲೆಯ ಬಿಡುವಿನಲ್ಲಿ ನಾನು ಮನೆಗೆ ಹೋಗಿ ಅವಳಿಗೆ ಊಟ ಮಾಡಿಸುವ ಹೊತ್ತು ಅದು, ಅಗಿಯುವಾಗ ಪಕ್ಕದಲ್ಲಿ ನಾನಿರಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಶಿಕ್ಷಕಿ
ಬೆಂಗಳೂರು